ಆಕಾಶದ ಕದಿರು

"ಕಾಣ್ತಾ ಇದೆಯಾ ಮೇಷ್ಟ್ರೇ?" ಹಾಸನದಿಂದ ಬಂದಿದ್ದ ಸ್ಕೂಲ್ ಇನ್ಸ್‌ಪೆಕ್ಟರ್ ಜಿನರಾಜಯ್ಯ ಎರಡನೆಯ ಸಲ ಕೇಳಿದರು.

ಹೆಡ್‌ಮಾಸ್ಟರ್ ಚಂದ್ರಶೇಖರಯ್ಯ ದುರ್ಬೀನಿನಿಂದ ಕಣ್ಣು ಕೀಳಲಿಲ್ಲ. ಚೈತ್ರದ ಕೃಷ್ಣಪಕ್ಷ, ಊಟಕ್ಕೆ ಮುಂಚಿನ ಹೊತ್ತು. ಹೊಳೆನರಸೀಪುರದ ತಾರಸಿಗಳ ಮೇಲೆ ಕತ್ತಲು ಗಟ್ಟಿಯಾಗಿತ್ತು. ಪಕ್ಕದಲ್ಲಿ ಅವರ ತಮ್ಮನ ಮಗಳು ನೀಲಾಂಬಿಕೆ ನಿಂತಿದ್ದಳು.

ದೊಡ್ಡಪ್ಪ ಈಗ ಹುಡುಕುತ್ತಿದ್ದ ಮಂಕು ಬೆಳಕನ್ನು ಮೊದಲು ಕಂಡವಳು ಅವಳೇ. ಅವರ ದುರ್ಬೀನು ಒರೆಸುವ ನೆಪದಲ್ಲಿ ದಿನಾ ಆಕಾಶ ನೋಡುತ್ತಿದ್ದಳು. ಹಾವಿನಾಕಾರದ ನಕ್ಷತ್ರಪುಂಜದ ಎದೆಯಲ್ಲಿರುವ ಕೆಂಪು ನಕ್ಷತ್ರದಿಂದ ಪೂರ್ವಕ್ಕೆ, ಕೈ ಚಾಚಿ ಹಿಡಿದರೆ ಒಂದು ಮುಷ್ಟಿಯಷ್ಟು ದೂರ. ನೇರ ನೋಡಿದರೆ ಮಾಯ. ಪಕ್ಕದ ಚುಕ್ಕಿಯ ಮೇಲೆ ಕಣ್ಣಿಟ್ಟರೆ ಮೆಲ್ಲಗೆ ಬರುತ್ತಿತ್ತು, ನಡು ಉಬ್ಬಿ ಎರಡೂ ತುದಿ ಸಪುರವಾಗಿ, ನೂಲು ಸುತ್ತಿದ ತಕಲಿಯ ಕದಿರಿನ ಹಾಗೆ. ಅವಳು ಅದರ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ದೊಡ್ಡಪ್ಪ ಆ ಚಿತ್ರವನ್ನು ನಕಲು ಮಾಡಿ, 'ಈ ಕದಿರು ಬೇಳೆಯಾಕಾರದ ನಕ್ಷತ್ರರಾಶಿ, ಅಂಚು ನಮ್ಮ ಕಡೆಗಿರುವುದರಿಂದ ಹೀಗೆ ಕಾಣುತ್ತದೆ' ಎಂದು ಪುಸ್ತಕದಿಂದ ನಾಲ್ಕು ಸಾಲು ಸೇರಿಸಿ, ತಮ್ಮ ಹೆಸರಿನಲ್ಲಿ ಹಾಸನದ ಇನ್ಸ್‌ಪೆಕ್ಟರಿಗೆ ಕಳಿಸಿದ್ದರು. ಅದನ್ನು ಕಣ್ಣಾರೆ ನೋಡಲೆಂದೇ ಇನ್ಸ್‌ಪೆಕ್ಟರು ಬಂದಿದ್ದರು.

ನಾಲ್ಕು ವರ್ಷದ ಹಿಂದೆ ಅವಳನ್ನು ಸ್ಕೂಲು ಬಿಡಿಸಿದವರೂ ಅವರೇ. ಯಾರ ಮುಖವನ್ನೂ ನೇರವಾಗಿ ನೋಡಲಾರದ ಹುಡುಗಿ. "ಓರೆಗಣ್ಣು ಕಣೋ ಇವಳ್ದು, ಪಕ್ಕದೋರ ಸ್ಲೇಟು ನೋಡಿ ಬರೀತಾಳೆ" ಎಂದು ತಮ್ಮನಿಗೆ ಹೇಳಿ ಹೆಸರು ಹೊಡೆದುಹಾಕಿದ್ದರು. ಅವಳು ಒಂದಕ್ಷರವನ್ನೂ ನೋಡಿ ಬರೆದಿರಲಿಲ್ಲ.

"ಏನೂ ಕಾಣಕಿಲ್ವಲ್ಲಮ್ಮೀ," ದೊಡ್ಡಪ್ಪ ಪಿಸುಗುಟ್ಟಿದರು. "ಎಂಗ್ ನೋಡ್ಬೇಕು? ಬೇಗ ಯೋಳು."

"ನೆಟ್ಟಗೆ ನೋಡಿ ದೊಡ್ಡಪ್ಪ. ಕಣ್ಣು ಅಲ್ಲಾಡಿಸ್ಬೇಡಿ."

ಅವರು ಇನ್ನಷ್ಟು ಒತ್ತಿ ನೋಡಿದರು. ಕೊನೆಗೆ, "ಆಹಾ, ಕಾಣ್ತು ಸಾ!" ಎಂದರು.

"ಯಾವ ಕಡೆಗೆ ವಾಲಿದೆ?"

"ವಾಲಿಲ್ಲ ಸಾ, ನೆಟ್ಟಗೆ ನಿಂತದೆ. ಚಿತ್ರದಲ್ಲಿರೋ ಅಂಗೇ."

ತಕಲಿಯನ್ನು ನಿಲ್ಲಿಸಿಯೇ ತಿರುಗಿಸುವುದಲ್ಲವೇ ಎಂದು ನೀಲಾಂಬಿಕೆ ಚಿತ್ರದಲ್ಲೂ ನಿಲ್ಲಿಸಿದ್ದಳು.

ಇನ್ಸ್‌ಪೆಕ್ಟರು ದುರ್ಬೀನಿನ ಮುಂದೆ ಕೂತರು. ಅವಳು ನೆಲ ನೋಡುತ್ತ ಹೇಳಿದಳು: "ಅದನ್ನ ನೋಡ್ಬೇಡಿ ಸಾ. ಪಕ್ಕದ ಚುಕ್ಕಿ ನೋಡಿ, ತಾನಾಗೇ ಬತ್ತದೆ."

ಅವರು ನೋಟವನ್ನು ಪಕ್ಕದ ಚುಕ್ಕಿಗೆ ಸರಿಸಿದರು. ಆಮೇಲೆ ಇನ್ಸ್‌ಪೆಕ್ಟರು ಜೋರಾಗಿ ನಕ್ಕರು. "ಬಂತು ಕಣಮ್ಮ! ಆದರೆ ಮೇಷ್ಟ್ರೇ, ನಿಮ್ಮ ಕದಿರು ಮಲಗ್ಬಿಟ್ಟಿದೆಯಲ್ರೀ!"

ಚಂದ್ರಶೇಖರಯ್ಯ ಕೆಮ್ಮಿದರು.

"ನಿಜ ಹೇಳಮ್ಮ, ಇದನ್ನ ಕಂಡೋರು ಯಾರು?"

"ದೊಡ್ಡಪ್ಪನ್ನೇ ಕೇಳಿ ಸಾ."

ಇನ್ಸ್‌ಪೆಕ್ಟರು ಕೇಳಲಿಲ್ಲ. ಇಳಿಯಲು ಮೆಟ್ಟಿಲು ಕಾಣಲೆಂದು ಬೆಂಕಿಕಡ್ಡಿ ಗೀರಿದರು. ಚಂದ್ರಶೇಖರಯ್ಯನವರ ಬಲಗಣ್ಣಿನ ಸುತ್ತ ಹಿತ್ತಾಳೆಯ ಅಂಚು ಒತ್ತಿ ಕೆಂಪು ಉಂಗುರ ಮೂಡಿತ್ತು. ಕಣ್ಣಿನಲ್ಲಿ ನೀರು. ಕಡ್ಡಿ ಆರುವವರೆಗೂ ನೀಲಾಂಬಿಕೆ ಆ ಮುಖವನ್ನು ನೇರವಾಗಿ ನೋಡುತ್ತಲೇ ಇದ್ದಳು.