ಒಂದು ಮಾತ್ರೆ ಕಡಿಮೆ

ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ರುದ್ರಮ್ಮ ಪದ್ಯ ಬರೆಯುವುದು ಎಲ್ಲರಿಗೂ ಗೊತ್ತಿತ್ತು. ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಯಲ್ಲಿ ವರ್ಷಕ್ಕೊಂದು ಅಚ್ಚಾಗುತ್ತಿತ್ತು. ಎದುರು ಸಿಕ್ಕವರು "ಚೆನ್ನಾಗಿದೆ ಕಣ್ರೀ" ಎನ್ನುತ್ತಿದ್ದರು; ಅಲ್ಲಿಗೆ ಮಾತು ಮುಗಿಯುತ್ತಿತ್ತು.

ತೊಂಬತ್ತಾರರಲ್ಲಿ ಮಗಳು ಶಿವಾನಿ ಬಿ.ಎ. ಕೊನೆಯ ವರ್ಷದ ಸೆಮಿನಾರಿಗೆ ಅಮ್ಮನ ಪದ್ಯವನ್ನೇ ಆರಿಸಿಕೊಂಡಳು. ದಾವಣಗೆರೆ ಕಡೆಯ ಮಾತು ಇನ್ನೂ ಬಿಡದ ರುದ್ರಮ್ಮ, "ದೊಡ್ಡ ಕವಿಗಳು ಯಾರೂ ಸಿಗ್ಲಿಲ್ಲೇನು ನಿಂಗೆ?" ಎಂದು ಗದರಿದರೂ ಒಳಗೊಳಗೇ ಹಿಗ್ಗಿದಳು.

ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ತಾಳ ತಟ್ಟುತ್ತ ಓದುತ್ತಿದ್ದ ಶಿವಾನಿ ಒಂದು ಕಡೆ ತಡೆದು ನಿಂತಳು.

"ಅಮ್ಮಾ, ಎಲ್ಲಾ ಸಾಲೂ ಮೂರು ಮೂರು ಮಾತ್ರೆ. 'ನಡೆದ ದಾರಿ ಕಿರಿದು, ನೆನೆದ ದಾರಿ ಹಿರಿದು.' ಪ್ರಾಸಾನೂ ಸಕ್ಕತ್ತಾಗಿದೆ. ಆದ್ರೆ 'ಓಡುವುದು ಸಾಕು' ಅನ್ನೋ ಕಡೆ ಒಂದು ಮಾತ್ರೆ ಕಡಿಮೆ ಬೀಳುತ್ತೆ."

"ಬೇಕಂತ್ಲೇ ಬಿಟ್ಟೀನಿ. ಅಲ್ಲಿ ಉಸಿರು ನಿಲ್ಬೇಕು," ಎಂದಳು ರುದ್ರಮ್ಮ, ಆ ಗಳಿಗೆಗೆ ಹೊಳೆದದ್ದನ್ನು.

ಸೆಮಿನಾರಿನ ದಿನ ಅಧ್ಯಾಪಕರಾದ ಚನ್ನವೀರಪ್ಪನವರು ಕವಯಿತ್ರಿಯನ್ನೂ ಕರೆಸಿದ್ದರು. ರುದ್ರಮ್ಮ ಇಳಕಲ್ ಸೀರೆಯುಟ್ಟು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಳು.

"ಪ್ರತಿ ಚರಣದ ಕೊನೆಗೂ 'ನಿಂತು ನೋಡು ಮನಸೆ' ಅಂತ ಪಲ್ಲವಿ ಬರುತ್ತೆ," ಎಂದಳು ಶಿವಾನಿ. "ಮೊದಲು ಅದು ಬುದ್ಧಿಮಾತಿನ ಥರ ಕೇಳಿಸುತ್ತೆ, ಆಮೇಲೆ ಬೇಡ್ಕೊಂಡ ಹಾಗೆ. ಕೊನೇಲಿ ಮಾತ್ರ ಸಮಾಧಾನ ಇದೆ. ಆ ಕೊನೆ ಚರಣದಲ್ಲೇ ಒಂದು ಮಾತ್ರೆ ಕಡಿಮೆ. ಕವಿ ಅದನ್ನ ಉಸಿರಿನ ನಿಲುಗಡೆ ಅಂತಾರೆ. ನಾನು ಒಪ್ಪಲ್ಲ. ನಿಲ್ಲಿಸೋ ಕೆಲಸಾನ ಪಲ್ಲವಿನೇ ಮಾಡ್ತಿದೆ. ಇಲ್ಲಿ ಸಾಲು ಕುಂಟುತ್ತೆ, ಅಷ್ಟೆ. 'ಓಡಿದಷ್ಟು ಸಾಕು' ಅಂದ್ರೆ ಲಯ ಕೂಡುತ್ತೆ. ಓಡಿದವಳ ದಣಿವೂ ಬರುತ್ತೆ."

ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ರುದ್ರಮ್ಮನ ಮುಖ ಬಿಸಿಯಾಯಿತು. ಮೊಣಕಾಲಿನ ಮೇಲೆ ಬೆರಳು ತಟ್ಟಿ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಓಡಿದಷ್ಟು ಸಾಕು. ಹೌದು, ತಾನು ಹೇಳಹೊರಟಿದ್ದೇ ಅದು. ಇಷ್ಟು ವರ್ಷದಲ್ಲಿ ತಪ್ಪು ಸಿಗುವಷ್ಟು ಹತ್ತಿರದಿಂದ ತನ್ನ ಪದ್ಯವನ್ನು ಯಾರೂ ಓದಿರಲಿಲ್ಲ. ಈಗ ಓದಿದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಅಮ್ಮನೆಂದು ಒಂದಿಷ್ಟೂ ರಿಯಾಯಿತಿ ತೋರಿಸಿರಲಿಲ್ಲ.

"ನೀವೇನಂತೀರಿ ತಾಯಿ?" ಎಂದರು ಚನ್ನವೀರಪ್ಪನವರು.

ರುದ್ರಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಉಸಿರು ಗಿಸಿರು ಏನೂ ಇಲ್ಲ ಸಾರ್. ನಂಗೆ ತಿಳೀಲಿಲ್ಲ ಅಷ್ಟೆ. ಅವಳು ಹೇಳಿದ್ದೇ ಸರಿ ಐತೆ. ಹಂಗೇ ಬರ್ಕಳ್ಳಿ ಎಲ್ಲಾರೂ."

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಮನೆಯ ಕೃಷ್ಣಮ್ಮ ಸಿಕ್ಕರು. "ಏನ್ರೀ ವಿಶೇಷ, ಇಳಕಲ್ ಸೀರೆ?"

"ನನ್ನ ಮಗಳು ನನ್ನ ಪದ್ಯ ತಿದ್ದಿದ್ಲು," ಎಂದಳು ರುದ್ರಮ್ಮ, ಮುಂದಿನ ಸೀಟಿನವರಿಗೂ ಕೇಳಿಸುವಂತೆ.