ಆರೈಕೆಗೆ ಬಂದ ತಾರಾ, ಅತಿಥಿಯಲ್ಲ

ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ನೆಲೆಸಿದ ಕಮಲಾಕ್ಷಿಯವರಿಗೆ ಒಂದೇ ಹಟ. ಗಂಡ ಮಲ್ಲಪ್ಪನವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತ ಮೇಲೆ ಅವರ ಸ್ನಾನ, ಊಟ, ಗುಳಿಗೆ ಎಲ್ಲ ತಮ್ಮ ಕೈಯಿಂದಲೇ ಆಗಬೇಕು. ಇತ್ತ ಅವರದೇ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿ ಹೇಳಿ ಸಾಕಾಗಿದ್ದರು.

"ನಾ ಮಲಗಿದ್ರ ಇವರನ್ನ ಯಾರು ನೋಡಾವ್ರು?" ಎಂದು ಈ ತಾಯಿ ಮುಂದೂಡುತ್ತಲೇ ಬಂದರು. ಡಬ್ಬಿ ಗುರುತು ಸಿಗದೆ ಚಹಾಕ್ಕೆ ಉಪ್ಪು ಬಿದ್ದ ದಿನಗಳೂ ಇದ್ದವು. ಹೆಂಡತಿಯ ಮನಸ್ಸು ನೊಂದೀತು ಎಂದು ಮಲ್ಲಪ್ಪನವರು ಪಾಪ, ಗಪ್‌ಚುಪ್ ಕುಡಿದುಬಿಡುತ್ತಿದ್ದರು.

ಪಕ್ಕದ ಮನೆಯ ಗುಣವತಿಗೆ ಇದನ್ನೆಲ್ಲ ನೋಡಲಾಗಲಿಲ್ಲ. "ವೈನಿ, ಮನಿಯಾಗ ಇದ್ದು ಆರೈಕಿ ಮಾಡಾವ್ರನ್ನ ಕಳಸೋ ಏಜೆನ್ಸಿ ಇರ್ತಾವ. ನಮ್ಮ ಅತ್ತಿಯವ್ರಿಗೆ ನಾವೂ ಹಂಗ ಕರಸಿದ್ವಿ."

"ಅಯ್ಯ ನಮ್ಮವ್ವ! ಗುರ್ತಿಲ್ಲದಾಕಿನ್ನ ಮನಿಯಾಗ ಇಟ್ಕೊಳ್ಳೋದ? ಮಂದಿ ಏನಂದಾರು? ಗಂಡನ್ನ ನೋಡ್ಕೊಳ್ಳಾಕ ಆಗ್ಲಿಲ್ಲ ಅಂತಾರ."

"ಮಂದಿ ಬಂದು ನಿಮಗ ಕಣ್ಣು ಕೊಡ್ತಾರೇನ್ರಿ? ಕೇಳ್ರಿಲ್ಲೆ. ಮೊದಲ ಏಜೆನ್ಸಿಯವ್ರು ಮನಿಗೆ ಬಂದು ಅಣ್ಣಾರಿಗೆ ಏನೇನು ಬೇಕು ಅಂತ ನೋಡ್ತಾರ. ಬರಾಕಿ ಗುರುತಿನ ಚೀಟಿ, ಪೊಲೀಸ್ ವೆರಿಫಿಕೇಷನ್ ನಾವು ಕೇಳಿ ನೋಡಬೇಕು. ಮಾತಾಡಿಸಿ, ಮನಸಿಗೆ ಬಂದ್ರ ಇಟ್ಕೊಳ್ಳೋದು. ಹೊಂದಲಿಲ್ಲಂದ್ರ ಬ್ಯಾರೆಯವ್ರನ್ನ ಕೇಳೋದು. ಅಷ್ಟ."

ಅಂತೂ ಕಮಲಾಕ್ಷಿಯವರು ಒಪ್ಪಿದರು, ಏಜೆನ್ಸಿಯಿಂದ ತಾರಾ ಬಂದಳು. ನಾರಾಯಣಪೇಟೆ ಕಡೆಯವಳು, ಕನ್ನಡ, ತೆಲುಗು ಎರಡೂ ಆಡುವವಳು. ಕಮಲಾಕ್ಷಿಯವರು ಏನು ಮಾಡಿದರು ಗೊತ್ತೇ? ಬೀಗರ ಮನೆಯಿಂದ ಬಂದವಳೇನೋ ಎಂಬಂತೆ ಅವಳನ್ನು ಕೂರಿಸಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು! ಮಲ್ಲಪ್ಪನವರ ಮೈ ಒರೆಸಲೆಂದು ಟವೆಲ್ ನೆನೆಸಲು ತಾರಾ ಎದ್ದರೆ ಕಸಿದುಕೊಂಡರು.

"ನೀ ಕುಂದರವ್ವ. ಮನಿಗೆ ಬಂದಾಕಿ ಕಡೆ ಕೆಲಸ ಮಾಡಸ್ತಾರೇನು?"

"ಅಮ್ಮಾರ, ನಾ ಬಂದಿದ್ದ ಕೆಲಸಕ್ಕರಿ!"

"ಇನ್ನೊಂದು ರೊಟ್ಟಿ ತಗೋ ತಂಗಿ."

ತಾರಾಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಒಂದು ಮುಂಜಾನೆ ಹೀಗೇ ಅವಳನ್ನು ತಟ್ಟೆಯ ಮುಂದೆ ಕೂರಿಸಿ, ಕಮಲಾಕ್ಷಿಯವರು ತಾವೇ ಗಂಡನನ್ನು ಬಚ್ಚಲಿಗೆ ನಡೆಸಿಕೊಂಡು ಹೊರಟರು. ಹೊಸ್ತಿಲು ಕಣ್ಣಿಗೆ ಕಾಣಲಿಲ್ಲ. ಎಡವಿದರು. ಮಲ್ಲಪ್ಪನವರು ವಾಲಿದರು. ತಾರಾ ರೊಟ್ಟಿ ಬಿಸುಟು ಓಡಿಬಂದು ಅವರ ಸೊಂಟಕ್ಕೆ ಕೈಕೊಟ್ಟು ಹಿಡಿಯದಿದ್ದರೆ ಅವತ್ತು ಗಂಡ ಹೆಂಡತಿ ಇಬ್ಬರೂ ನೆಲಕ್ಕೆ ಬೀಳುತ್ತಿದ್ದರು. ಕಮಲಾಕ್ಷಿಯವರು ಅಲ್ಲೇ ಕುಸಿದು ಕೂತು ಗಳಗಳ ಅತ್ತರು.

ಸದ್ದು ಕೇಳಿ ಬಂದ ಗುಣವತಿ ಚೆನ್ನಾಗಿ ಬೈದಳು, ಪ್ರೀತಿಯಿಂದಲೇ ಬೈದಳು. "ಜಳಕ, ಊಟ, ಗುಳಿಗಿ ನೆನಪು ಮಾಡೋದು, ಅಣ್ಣಾರನ್ನ ನಡಸೋದು, ಇದು ತಾರಾನ ಕೆಲಸ. ಇಡೀ ಮನಿ ಭಾಂಡಿ ತಿಕ್ಕೋದಲ್ಲ, ಇಂಜೆಕ್ಷನ್ ಚುಚ್ಚೋದೂ ಅಲ್ಲ, ಅದಕ್ಕ ನರ್ಸ್ ಬೇಕು. ಮನ್ಯಾಗ ಇರ್ತಾಳಂದ್ರ ಹಗಲು ರಾತ್ರಿ ದುಡಸೋದೂ ಅಲ್ಲ. ಮಲಗಾಕ ಜಾಗ, ಹೊತ್ತಿಗೆ ಊಟ, ವಿಶ್ರಾಂತಿ, ವಾರದ ರಜಾ ಬೇಕು. ರಜಾ ದಿನ ಬದಲಿ ಯಾರು ಬರ್ತಾರ ಅಂತ ಏಜೆನ್ಸಿಯವ್ರನ್ನ ಮೊದಲ ಕೇಳಿಟ್ಕೋರಿ."

"ಎಲ್ಲಾ ಆಕಿನ ಮಾಡಿದ್ರ ನಾ ಯಾತಕ್ಕ ಬೇಕ, ಗುಣವತಿ?"

ಆ ಮಾತು ಬಾಯಿಂದ ಬಂದ ಮೇಲೆ ಕಮಲಾಕ್ಷಿಯವರಿಗೇ ಗೊತ್ತಾಯಿತು, ಇಷ್ಟು ದಿನ ಒಳಗೆ ಕೂತಿದ್ದ ಭಯ ಇದೇ ಎಂದು. ಮಲ್ಲಪ್ಪನವರು ಎಡಗೈಯಿಂದ ಹೆಂಡತಿಯ ಸೆರಗು ಜಗ್ಗಿದರು. ತಡವರಿಸುತ್ತಾ ಅಂದರು: "ನೀ... ಬೇಕು. ಮೊದಲ... ಕಣ್ಣು."

ಮರುದಿನದಿಂದ ಟವೆಲ್ ತಾರಾಳ ಕೈಗೆ ಹೋಯಿತು. ಮೊದಮೊದಲು ಕಮಲಾಕ್ಷಿಯವರು ಬಾಗಿಲಲ್ಲಿ ನಿಂತು ಕಾವಲು ಕಾದರು, ನಿಜ. ಆಮೇಲಾಮೇಲೆ ಗಂಡನ ಪಕ್ಕ ಕೂತು ಹರಟೆ ಹೊಡೆಯಲು ಪುರಸೊತ್ತು ಸಿಕ್ಕಿತು. ಲಕ್ವಾ ಹೊಡೆದ ಮೇಲೆ ಇಬ್ಬರೂ ಹೀಗೆ ಕೂತು ನಕ್ಕಿದ್ದೇ ಇರಲಿಲ್ಲ. ಕಡೆಗೆ ಒಂದು ದಿನ ಗುಣವತಿಯ ಜೊತೆ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಿಕೊಂಡರು.

ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದರೆ, ಬಾಗಿಲಲ್ಲಿ ಯಾರು? ಎಡಗೈಯಲ್ಲಿ ಊರುಗೋಲು ಹಿಡಿದು ಮಲ್ಲಪ್ಪನವರೇ ನಿಂತಿದ್ದಾರೆ! ಬೆನ್ನ ಹಿಂದೆ ತಾರಾ. ಕಮಲಾಕ್ಷಿಯವರು ಅಭ್ಯಾಸಬಲದಿಂದ ನೇರ ಅಡುಗೆಮನೆಗೆ ಹೊರಟರು.

"ಕುಂದರು," ಎಂದರು ಮಲ್ಲಪ್ಪನವರು. "ಮನಿಗೆ... ಬಂದಾಕಿ ಕಡೆ... ಕೆಲಸ ಮಾಡಸ್ತಾರೇನು?"

ತಾರಾ ಚಹಾ ತಂದಳು. ಮಲ್ಲಪ್ಪನವರು ಒಂದು ಗುಟುಕು ಕುಡಿದು, ಹೆಂಡತಿಯ ಕಡೆ ನೋಡಿ ತುಂಟನಗೆ ನಕ್ಕರು.

"ಇವತ್ತ... ಉಪ್ಪಿಲ್ಲ."

"ಅಂದ್ರ? ಇಷ್ಟು ದಿನ ನಾ..." ಕಮಲಾಕ್ಷಿಯವರು ಗಂಡನ ಸೋತ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೀಗೆ ಒಬ್ಬರು ತಮ್ಮ ನೋವು ನುಂಗಿಕೊಂಡು ಇನ್ನೊಬ್ಬರನ್ನು ನೋಡಿಕೊಳ್ಳುತ್ತಿದ್ದಾರೆಯೇ? ಇವತ್ತೇ ಅವರ ಪಕ್ಕ ಕೂತು ಕೇಳಿ. ಸಹಾಯ ಪಡೆಯುವುದರಲ್ಲಿ ನಾಚಿಕೆ ಇಲ್ಲ. ಬರುವವರ ಬಗ್ಗೆ ವಿಚಾರಿಸಿ, ಅವರ ಕೆಲಸವನ್ನೂ ವಿಶ್ರಾಂತಿಯನ್ನೂ ಮೊದಲೇ ಮಾತಾಡಿಕೊಳ್ಳಿ, ಮರ್ಯಾದೆಯಿಂದ ನಡೆಸಿಕೊಳ್ಳಿ. ರೊಟ್ಟಿ ಧಾರಾಳವಾಗಿ ಬಡಿಸಿ, ಆದರೆ ಟವೆಲ್ ಮಾತ್ರ ಅವರ ಕೈಗೇ ಬಿಡಿ!