ಎರಡು ವ್ಯಾಟಿನ ಟೈಲರಮ್ಮ

“ಕತ್ತರಿಸಬೇಡಿ!” ಎಂದು ಡ್ರೈವರು ಅಂಗಳದಿಂದಲೇ ಕೂಗಿದರು. ಟೆರೇಸಿನ ಮೇಲೆ ಕಟಿಂಗ್ ಪ್ಲೇಯರಿನ ಬಾಯಿಗೆ ತಂತಿ ಕೊಟ್ಟು ನಿಂತಿದ್ದ ಭಾವ ಬೆಚ್ಚಿ ಕೆಳಗೆ ನೋಡಿದರು.

“ಶಾಮಿಯಾನ ಕಟ್ಟೋಕೆ ಅಡ್ಡ ಬರ್ತಿದೆ, ಡ್ರೈವರ್ರೇ. ಒಂದು ತಂತಿಗೆ ಯಾಕೆ ಇಷ್ಟು ಜೋರು?”

“ಅದು ಅವಳ ಆಂಟೆನಾ.”

“ಗೊತ್ತು ಬಿಡಿ, ಆ ಟಿಕಿಟಿಕಿ ತಂತಿ. ಅವಳೇ ಹೋದ್ಮೇಲೆ ಇಟ್ಕೊಂಡು ಏನು ಮಾಡ್ತೀರಿ?”

“ಹತ್ತು ಗಂಟೆ ದಾಟೋವರೆಗೆ ಇರಲಿ. ಶಾಮಿಯಾನನೇ ಬೇಡ. ಬಿಸಿಲಲ್ಲಿ ಅರ್ಧ ಗಂಟೆ ನಿಂತ್ರೆ ಯಾರೂ ಕರಗಿ ಹೋಗಲ್ಲ.”

ಹೆಂಡತಿಯ ಅಣ್ಣನಿಗೆ ಎದುರು ಮಾತಾಡಿದ್ದು ಡ್ರೈವರ ಸಂಸಾರದಲ್ಲಿ ಅದೇ ಮೊದಲು. ಭಾವನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಗೊಣಗುತ್ತಲೇ ಮೆಟ್ಟಿಲಿಳಿದು ಬಂದರು.

ಒಳಗೆ, ಮುಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿಗೂ ಹೊಲಿಗೆ ಯಂತ್ರಕ್ಕೂ ನಡುವೆ ಟೈಲರಮ್ಮನನ್ನು ಮಲಗಿಸಿದ್ದರು. ಗೋಡೆಯ ಉದ್ದಕ್ಕೂ ಶಾಲೆಯ ಸಮವಸ್ತ್ರಗಳು, ಒಂದೊಂದಕ್ಕೂ ಪಿನ್ನು ಚುಚ್ಚಿದ ಅಳತೆ ಚೀಟಿ. ಹಿಂದಿನ ದಿನ ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಾ ಕೂತವಳು ಹಾಗೆಯೇ ಪಕ್ಕಕ್ಕೆ ವಾಲಿದ್ದಳು. ಆಸ್ಪತ್ರೆಗೆ ಕರೆದೊಯ್ಯುವಷ್ಟು ಪುರುಸೊತ್ತನ್ನೂ ಕೊಡಲಿಲ್ಲ. ಸ್ಮಶಾನಕ್ಕೆ ಒಯ್ಯುವ ವ್ಯಾನು ಹತ್ತೂವರೆಗೆ ಬರುವುದಿತ್ತು.

ಭಾವ ತಂಗಿಯ ಕಾಲ ಬಳಿ ಕುರ್ಚಿ ಎಳೆದುಕೊಂಡರು. “ಪಾಪ. ಏಳನೇ ಕ್ಲಾಸಿಗೇ ಶಾಲೆ ಬಿಟ್ಲು. ಆಮೇಲೆ ಈ ಯಂತ್ರ, ಈ ನಾಲ್ಕು ಗೋಡೆ. ಏನು ಕಂಡ್ಲು ಹೇಳಿ ನನ್ನ ತಂಗಿ?”

ಸುತ್ತ ಕೂತಿದ್ದವರು ಹೌದೆಂದು ತಲೆಯಾಡಿಸಿದರು. ಡ್ರೈವರಿಗೆ ಮೈಯೆಲ್ಲ ಉರಿಯಿತು. ಆದರೆ ಅವರ ಬಾಯಿ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹೇಳಬೇಕಾದ ದೊಡ್ಡ ಮಾತೊಂದು ಎಂಟು ವರ್ಷದಿಂದ ಗಂಟಲಲ್ಲೇ ಉಳಿದಿತ್ತು. ಅದನ್ನು ಕೇಳಬೇಕಾದವಳು ಇನ್ನೊಂದು ಗಂಟೆ ಮಾತ್ರ ಈ ಮನೆಯಲ್ಲಿರುತ್ತಾಳೆ. ಅವರು ಗಡಿಯಾರ ನೋಡಿದರು.

*

ಅದೆಲ್ಲ ಶುರುವಾದದ್ದು ಒಂದು ಪ್ಯಾಂಟಿನಿಂದ. ಹಡಗಿನಲ್ಲಿ ರೇಡಿಯೊ ಕೆಲಸ ಮಾಡಿ ನಿವೃತ್ತರಾಗಿದ್ದ ಮುದುಕರೊಬ್ಬರು ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದು, ಕಾಯುತ್ತಾ ಕೂತು, ಮೇಜಿನ ಮೇಲೆ ಬೆರಳಿನಿಂದ ಕುಟ್ಟುತ್ತಿದ್ದರು.

“ಅದೇನು ತಾತ, ತಾಳ ಹಾಕ್ತಾ ಇದೀರಾ?”

“ತಾಳ ಅಲ್ಲಮ್ಮ, ಮಾತು, ಟೆಲಿಗ್ರಾಂ ಕಳಿಸೋ ಭಾಷೆ. ಈ ಹುಡುಗಿ ಬೇಗ ಹೊಲಿದು ಕೊಡ್ತಾಳೋ ಇಲ್ವೋ ಅಂತ ಕೇಳ್ತಿದ್ದೆ.”

ಟೈಲರಮ್ಮನಿಗೆ ಆಗ ಐವತ್ತೊಂದು. ಹುಡುಗಿ ಅಂದಿದ್ದಕ್ಕೋ ಏನೋ, ಕಲಿಸಿಕೊಡಿ ಎಂದು ಹಿಡಿದುಕೊಂಡಳು. ಚುಕ್ಕೆ, ಗೆರೆ ಎಂದು ಕಾಗದದಲ್ಲಿ ಬರೆದುಕೊಳ್ಳಲು ಹೊರಟರೆ ಹಡಗಿನ ತಾತ ಪೆನ್ಸಿಲ್ ಕಿತ್ತುಕೊಂಡರು. “ಕಣ್ಣಿಂದ ಕಲಿತ್ರೆ ಕೆಟ್ಟೆ. ನಿನ್ನ ಯಂತ್ರದ ಹೊಲಿಗೆ ತಪ್ಪಿದ್ರೆ ಎಣಿಸಿ ತಿಳ್ಕೋತೀಯಾ, ಕೇಳಿ ತಿಳ್ಕೋತೀಯಾ?” ಅಷ್ಟು ಸಾಕಾಯಿತು. ಗುಂಡಿ ಹಾಕುವಾಗ, ಕಾಜ ಮಾಡುವಾಗ, ಅವಳ ಬಾಯಲ್ಲಿ ಒಂದೇ ಜಪ: ದಿಟ್ ದಾ, ದಾ ದಿಟ್ ದಿಟ್ ದಿಟ್. ಪ್ರತಿಯೊಂದರ ಹಿಂದೆಯೇ ಅದರ ಅಕ್ಷರವನ್ನೂ ಜೋರಾಗಿ ಹೇಳಿಕೊಳ್ಳುವಳು. ಐವತ್ತೆರಡಕ್ಕೆ ಹವ್ಯಾಸಿ ರೇಡಿಯೊದವರ ಪರೀಕ್ಷೆಗೆ ಕೂತು, ಇಂಜಿನಿಯರಿಂಗ್ ಓದುವ ಹುಡುಗರ ನಡುವೆ ಪಾಸಾಗಿ, ಲೈಸೆನ್ಸ್ ತಂದಳು.

ರೇಡಿಯೊ ಯಂತ್ರವನ್ನು ತಾತನ ಜೊತೆ ಕೂತು ತಾನೇ ಬೆಸುಗೆ ಹಾಕಿ ಒಂದು ಗುಂಡಿ ಡಬ್ಬಿಯೊಳಗೆ ಕೂರಿಸಿದಳು. ಶಕ್ತಿ ಎರಡು ವ್ಯಾಟ್. “ನಮ್ಮನೆ ಬೆಡ್‌ಲ್ಯಾಂಪಿಗೇ ಐದು ಬೇಕು” ಎಂದು ಭಾವ ಆಗಲೇ ನಕ್ಕಿದ್ದರು. ಆಂಟೆನಾ ತಂತಿಯನ್ನು ಹೆಗಲ ಮೇಲಿನ ಟೇಪಿನಿಂದಲೇ ಅಳೆದಳು, ಎರಡು ಕೈ, ಒಂದೊಂದೂ ಐದು ಮೀಟರ್. ಏರಿಸಿ ನೋಡಿದರೆ ಏನೂ ಸರಿಯಾಗಲಿಲ್ಲ. ಒತ್ತಿದ ಶಕ್ತಿಯೆಲ್ಲ ಹೊರಗೆ ಹೋಗದೆ ಡಬ್ಬಿಗೇ ವಾಪಸ್. ತಾತ ಮತ್ತೆ ಅಳೆದರು. ಎರಡೂ ತುದಿಗೆ ಒಂದೊಂದು ಗೇಣು ಹೆಚ್ಚು.

“ಇದ್ಯಾಕಮ್ಮ?”

“ಮಡಿಕೆಗೆ ಬಿಟ್ಟಿದೀನಿ.”

“ಇದೇನು ಪ್ಯಾಂಟಿನ ಕಾಲಾ?” ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅವಳು ಕತ್ತರಿಸಲು ಬಿಡಲಿಲ್ಲ. “ಬೆಳೆಯೋ ಮಕ್ಕಳಿಗೆ ಹೊಲಿಯೋಳು ನಾನು. ಕತ್ತರಿಸಿದ್ದು ಮತ್ತೆ ಬರಲ್ಲ.” ತುದಿಯನ್ನು ಹಿಂದಕ್ಕೆ ಮಡಿಸಿ ತಂತಿಗೇ ಸುತ್ತಿದಳು. ಬೆರಳಗಲ ಮಡಿಸುವುದು, ಇಳಿದು ಬಂದು ನೋಡುವುದು, ಮತ್ತೆ ಏಣಿ ಹತ್ತುವುದು. ಹನ್ನೊಂದನೇ ಸಲಕ್ಕೆ ಮೀಟರಿನ ಮುಳ್ಳು ತಣ್ಣಗೆ ಕೂತಿತು. ಆ ವಾರವೇ ಸಮುದ್ರದಾಚೆಯ ಯಾರೋ ಅವಳಿಗೆ ಉತ್ತರ ಕೊಟ್ಟರು. ಏಣಿ ಹಿಡಿದು ಹಿಡಿದು ಡ್ರೈವರಿಗೆ ತೋಳು ನೋವು ಬಂದಿತ್ತು. “ಹುಚ್ಚು” ಎಂದಷ್ಟೇ ಹೇಳಿ ಪೇಪರು ಬಿಡಿಸಿದ್ದರು.

*

ಒಂಬತ್ತೂಮುಕ್ಕಾಲಿಗೆ ಬಾಗಿಲಲ್ಲಿ ಅಪರಿಚಿತರೊಬ್ಬರು ನಿಂತರು. ಮೊದಲ ಬಸ್ಸಿಗೇ ಹತ್ತಿದವರ ಮುಖ, ಕೈಯಲ್ಲೊಂದು ಚೀಟಿ. ಚೀಟಿ ನೋಡಿ ಐದಾರು ಅಕ್ಷರ, ನಡುವೆ ಒಂದು ಅಂಕಿ ಓದಿದರು. “ಅವರ ಮನೆ ಇದೇ ತಾನೇ?”

ಭಾವ ಎದ್ದರು. “ಮನೆ ತಪ್ಪಿ ಬಂದಿದೀರಿ. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ. ಇಲ್ಲಿ ಸಾವಾಗಿದೆ.”

“ತಪ್ಪಿಲ್ಲ ಮಾವ” ಎಂದು ಮಗಳು ಮುಂದೆ ಬಂದಳು. “ಅದು ಅಮ್ಮನ ಕಾಲ್ ಸೈನ್. ರೇಡಿಯೊದಲ್ಲಿ ಅವಳ ಹೆಸರೇ ಅದು.”

ಬಂದವರ ಕಣ್ಣು ಮಲಗಿದ್ದವಳ ಮೇಲೆ ಬಿತ್ತು. ಅವರು ಕನ್ನಡಕದ ಅಂಗಡಿ ಇಟ್ಟವರು, ತಮ್ಮ ಕನ್ನಡಕವನ್ನೇ ತೆಗೆದು ಒರೆಸಿಕೊಂಡರು. “ದಿನಾ ಹತ್ತಕ್ಕೆ ನಮ್ಮ ಗುಂಪು ಸೇರುತ್ತೆ. ನಿನ್ನೆ ಕರೆದ್ವಿ, ಬರಲಿಲ್ಲ. ಒಂದು ದಿನಾನೂ ತಪ್ಪಿಸಿದೋರಲ್ಲ, ಹುಷಾರಿಲ್ವೇನೋ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ. ಹನ್ನೊಂದು ವರ್ಷ ದಿನಾ ಮಾತಾಡಿದೀನಿ. ಮುಖ ನೋಡ್ತಿರೋದು ಈಗ.”

“ದಿನಾ ಮಾತಾಡ್ತಿದ್ರಾ? ನನ್ನ ತಂಗಿ ಜೊತೆ?” ಭಾವನಿಗೆ ನಂಬಿಕೆಯಾಗಲಿಲ್ಲ.

“ನಾವು ನೂರು ವ್ಯಾಟ್ ಇಟ್ಕೊಂಡು ಕೂಗ್ತಿದ್ವಿ, ಅವರು ಎರಡರಲ್ಲಿ ಮೂವತ್ತೆಂಟು ದೇಶ ಮುಟ್ಟಿದ್ರು. ಹೊಸಬರು ಆಂಟೆನಾ ಕಟ್ಟುವಾಗ ತಂತಿ ತುದಿ ಕತ್ತರಿಸಬೇಡಿ, ಮಡಿಸಿ ಅಂತ ಹೇಳ್ಕೊಟ್ಟಿದ್ದು ಅವರೇ. ನಮ್ಮಲ್ಲಿ ಅದಕ್ಕೆ ಟೈಲರ್ ಮಡಿಕೆ ಅಂತಲೇ ಹೆಸರು ಬಿದ್ದಿದೆ.”

ಭಾವ ನಿಧಾನಕ್ಕೆ ಮತ್ತೆ ಕುರ್ಚಿಗೆ ಕೂತರು. ಡ್ರೈವರಿಗೆ ಎದೆ ಉಬ್ಬಿತು. ಹೆಣದ ಮುಂದೆ ಹೀಗೆ ಖುಷಿಪಡಬಹುದೋ ಬಾರದೋ ತಿಳಿಯದೆ ಅವರು ನೆಲ ನೋಡಿದರು.

*

ಡ್ರೈವರ ಹತ್ತಿರ ಒಂದು ಗುಟ್ಟಿತ್ತು. ಗಿರಾಕಿ ಬಂದರೆ ಕೇಳಬೇಕಲ್ಲ ಎಂದು ಟೈಲರಮ್ಮ ಕಿವಿಗೆ ಹೆಡ್‌ಫೋನ್ ಹಾಕುತ್ತಿರಲಿಲ್ಲ. ಪುಟ್ಟ ಸ್ಪೀಕರಿನಲ್ಲಿ ಬಂದದ್ದು, ಅವಳು ಕಳಿಸಿದ್ದು, ಎರಡೂ ಕೋಣೆಗೆಲ್ಲ ಕೇಳುತ್ತಿತ್ತು. ಅವಳ ಜಪ ವರ್ಷಗಟ್ಟಲೆ ಕಿವಿಗೆ ಬಿದ್ದು, ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಆ ಟಿಕಿಟಿಕಿ ಅವರಿಗೆ ಮಾತಾಗಿ ಕೇಳಿಸಿತು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮದೇ ಮಾತು: “ನಮ್ಮೋರು ಪೇಪರ್ ಹಿಡ್ಕೊಂಡು ನಿದ್ದೆ ಹೊಡೀತಿದಾರೆ. ಗೊರಕೆ ನಿಮಗೂ ಕೇಳ್ತಾ?” ಡ್ರೈವರು ಪೇಪರಿನ ಹಿಂದೆ ಕಣ್ಣು ಬಿಟ್ಟುಕೊಂಡೇ ಗೊರಕೆ ಮುಂದುವರಿಸಿದರು. ತನಗೆ ತಿಳಿಯುತ್ತದೆ ಎಂದರೆ ಅವಳು ನಿಲ್ಲಿಸಿಬಿಡುತ್ತಾಳೆ. ಹೀಗೆ ಹನ್ನೆರಡು ವರ್ಷ ಅವರು ತಮ್ಮ ಹೆಂಡತಿಯನ್ನು ಕದ್ದು ಕೇಳಿದರು. ಬೈಗುಳ ಕೇಳಿದರು, ಮಗಳ ಚಿಂತೆ ಕೇಳಿದರು.

ಎಂಟು ವರ್ಷದ ಹಿಂದೆ, ನಿವೃತ್ತಿಯ ದಿನ, ಡಿಪೊದಿಂದ ಹಾರ ಹಿಡಿದು ಬಂದಾಗ ಅವಳ ಕೈ ಟಿಕಿಟಿಕಿ ಒತ್ತುವ ಕೀಲಿಯ ಮೇಲಿತ್ತು. ಹೊಸಿಲಲ್ಲೇ ನಿಂತು ಕೇಳಿದರು. “ಇವತ್ತು ನಮ್ಮೋರು ಬಸ್ಸಿಂದ ಇಳಿದ್ರು. ಮೂವತ್ತೊಂದು ವರ್ಷ. ಒಂದು ಜೀವಕ್ಕೂ ಪೆಟ್ಟಾಗಲಿಲ್ಲ. ನನಗೆ ಹೆಮ್ಮೆ.” ಆಮೇಲೆ ತಿರುಗಿ, “ಬಂದ್ರಾ? ಹೋಗಿ ಕೈಕಾಲು ತೊಳ್ಕೊಳ್ಳಿ” ಎಂದಳು. ನನಗೂ ನಿನ್ನ ಮೇಲೆ ಅಷ್ಟೇ ಹೆಮ್ಮೆ ಕಣೇ ಎನ್ನಲು ಅವರು ಬಾಯಿ ತೆರೆದರು. “ಸೋಪೆಲ್ಲಿ?” ಎಂದು ಕೇಳಿ ಬಚ್ಚಲಿಗೆ ನಡೆದರು.

*

ಹತ್ತು ಹೊಡೆಯಿತು. ಕನ್ನಡಕದವರು ಹೊಲಿಗೆ ಯಂತ್ರದ ಮುಂದೆ ಕೂತು ಗುಂಡಿ ಡಬ್ಬಿಯ ಸ್ವಿಚ್ ಹಾಕಿದರು. ಅವರ ಗುಂಪಿನಲ್ಲೊಂದು ಪದ್ಧತಿ: ಬಾರದವರನ್ನು ಮೂರು ಸಲ ಕರೆಯುವುದು, ಮೂರಕ್ಕೂ ಉತ್ತರವಿಲ್ಲದೆ ಸಾವಿನ ಸುದ್ದಿ ಖಚಿತವಾದರೆ ಅವರ ಕೀಲಿ ಮೌನವಾಯಿತೆಂದು ಸಾರುವುದು. ಸ್ಪೀಕರು ಟಿಕ್ಕೆಂದಿತು. ಅವರು ಬರೆದುಕೊಳ್ಳಲು ಪೆನ್ಸಿಲ್ ಎತ್ತುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಟೈಲರಮ್ಮ, ಇದೀರಾ ಅಂತ ಕೇಳ್ತಿದಾರೆ.”

ಎಲ್ಲರೂ ತಿರುಗಿದರು. “ಅಪ್ಪಾ, ನಿಂಗೆ ಅರ್ಥ ಆಗುತ್ತಾ?” ಎಂದಳು ಮಗಳು. “ಅಮ್ಮಂಗೆ ಗೊತ್ತಿತ್ತಾ?”

“ಗೊತ್ತಾಗಿದ್ರೆ ನನ್ನ ಬೈಯೋದು ನಿಲ್ಲಿಸಿಬಿಡ್ತಿದ್ಲಲ್ಲಮ್ಮ.”

ಸಾವಿನ ಮನೆಯಲ್ಲಿ ನಗು ಬಂದುಬಿಟ್ಟಿತು. ಮಗಳು ನಗುತ್ತಲೇ ಅತ್ತಳು. ಸ್ಪೀಕರು ಎರಡನೇ ಸಲ ಕರೆಯಿತು, ಮೂರನೇ ಸಲವೂ ಕರೆಯಿತು. ಕನ್ನಡಕದವರು ಕುರ್ಚಿ ಬಿಟ್ಟು ಪಕ್ಕಕ್ಕೆ ಸರಿದರು. “ನಿಮ್ಮ ಹತ್ರ ಲೈಸೆನ್ಸ್ ಇಲ್ಲ. ನನ್ನ ಕಾಲ್ ಸೈನ್ ನಾನು ಹಾಕ್ತೀನಿ, ಪಕ್ಕದಲ್ಲೇ ಕೂತಿರ್ತೀನಿ. ಮಾತು ನೀವಾಡಿ.”

ಕಿವಿಗೆ ಬಂದದ್ದು ಕೈಗೆ ಬರಬೇಕಲ್ಲ. ಡ್ರೈವರು ಜೀವಮಾನದಲ್ಲಿ ಆ ಕೀಲಿ ಮುಟ್ಟಿರಲಿಲ್ಲ. ಬೆರಳು ಒತ್ತಿದಾಗಲೆಲ್ಲ ಬಲಗಾಲೂ ಬ್ರೇಕು ಒತ್ತಿದಂತೆ ನೆಲಕ್ಕೆ ಒತ್ತುತ್ತಿತ್ತು. “ನಾನು ಅವಳ ಗಂಡ” ಎಂಬಷ್ಟಕ್ಕೇ ಬೆವರು ಬಂತು. “ನಿನ್ನೆ ಹೋದಳು” ಎಂದರು. ಹೆಮ್ಮೆ ಎಂಬಲ್ಲಿ ನಾಲ್ಕು ಚುಕ್ಕೆಯ ಬದಲು ಐದು ಬಿತ್ತು. ನಿಲ್ಲಿಸಿ, ಮಲಗಿದವಳತ್ತ ಒಮ್ಮೆ ತಿರುಗಿ ನೋಡಿ, ಮೊದಲಿನಿಂದ ಶುರು ಮಾಡಿದರು. “ಅವಳ ಮೇಲೆ ನನಗೆ ಹೆಮ್ಮೆ.” ಕಳಿಸುತ್ತಾ ಒಂದೊಂದು ಪದವನ್ನೂ ಬಾಯಿ ಬಿಟ್ಟು ಹೇಳಿದರು. ಕೋಣೆಯಲ್ಲಿದ್ದವರೆಲ್ಲ ಕೇಳಿದರು.

ಒಂದು ನಿಮಿಷ ಸ್ಪೀಕರಿನಲ್ಲಿ ಬರೀ ಸುಯ್ಯೆನ್ನುವ ಸದ್ದು. ಬಳಿಕ ಎರಡು ಚುಕ್ಕೆ ಬಂದವು, ದಿಟ್ ದಿಟ್. ಮಾತು ಮುಗಿಸಿ ಎದ್ದು ಹೋಗುವಾಗ ಅವರೆಲ್ಲ ಹೀಗೆಯೇ ಹೋಗಿ ಬನ್ನಿ ಎನ್ನುತ್ತಿದ್ದದ್ದು. “ಇದು ಕ್ರೇನ್ ಓಡಿಸೋನು” ಎಂದರು ಡ್ರೈವರು. ಇನ್ನೊಂದು, ಬೇರೆ ಸ್ವರದಲ್ಲಿ. “ಇವರು ಗಣಿತದ ಮೇಡಮ್ಮು.” ಮತ್ತೊಂದು, ಅವಸರದ್ದು. “ಇವನು ಸಮುದ್ರದಾಚೆಯೋನು, ಯಾವಾಗ್ಲೂ ಆತುರ.” ಒಬ್ಬರ ಹಿಂದೆ ಒಬ್ಬರಂತೆ ಬರುತ್ತಲೇ ಇದ್ದರು. ಬರಬರುತ್ತಾ ಸದ್ದು ಸಣ್ಣದಾಯಿತು, ದೂರದವರ ಸರದಿ ಬಂದಿತ್ತು.

ಭಾವ ಎದ್ದು ಹೋಗಿ ಫ್ಯಾನು ಆರಿಸಿದರು. ಆದರೂ ಹೊರಗೆ ಬಂದು ನಿಂತ ವ್ಯಾನಿನ ಗಡಗಡದಲ್ಲಿ ಏನೂ ಕೇಳಿಸದು. ಅವರು ಚಪ್ಪಲಿಯನ್ನೂ ಮೆಟ್ಟದೆ ಬಿಸಿಲಿಗೆ ಓಡಿ, ಎಂಜಿನ್ ಆರಿಸುವಂತೆ ವ್ಯಾನಿನವನಿಗೆ ಸನ್ನೆ ಮಾಡಿದರು. ಎರಡು ಕೈಯನ್ನೂ ಅಗಲಿಸಿ ಒಂದು ಸ್ಕೂಟರನ್ನು ತಡೆದರು, ಹಿಂದಿನ ಆಟೋವನ್ನೂ ತಡೆದರು. ತುಟಿಯ ಮೇಲೆ ಬೆರಳಿಟ್ಟುಕೊಂಡು, ಇಡೀ ಬೀದಿಯನ್ನು ಸುಮ್ಮನಾಗಿಸಿ, ರಸ್ತೆಯ ನಡುವೆ ನಿಂತರು. ತೆರೆದ ಕಿಟಕಿಯಿಂದ ಬಹಳ ದೂರದ ಎರಡು ಚುಕ್ಕೆ ಕೇಳಿಬಂದವು.